ಮೊದಲು ಮನೆಯ ಕಿಟಕಿ, ಆಮೇಲೆ ಬೇಲೂರು

ಪ್ರಶ್ನೆ: ನಾನು ಹಾಸನದಲ್ಲಿ ಶಾಲಾ ಶಿಕ್ಷಕಿ. 10 ತಿಂಗಳ ಹಿಂದೆ ಆಸೆಪಟ್ಟು ಒಂದು ಕ್ಯಾಮೆರಾ ಕೊಂಡೆ. ಜೊತೆಗೆ ಬಂದ 18-55 ಲೆನ್ಸ್ ಒಂದೇ ಇದೆ. ಮನೆಯಲ್ಲಿ ಯಜಮಾನರು, ಅತ್ತೆ, 7 ವರ್ಷದ ಮಗಳು, 3 ವರ್ಷದ ಮಗ ಇದ್ದಾರೆ. ಕಲಿಯೋಣ ಅಂತ ಬೇಲೂರಿಗೆ, ಶ್ರವಣಬೆಳಗೊಳಕ್ಕೆ ಹೋಗಿ ಬಂದೆವು. ನಾನು ಫೋಟೋ ತೆಗೆಯುತ್ತಾ ನಿಂತರೆ ಮಗ ಅಳುತ್ತಾನೆ, ಇವರಿಗೆ ಬೇಸರ. ಇಷ್ಟೆಲ್ಲ ಮಾಡಿಯೂ ಇವರ ಮೊಬೈಲ್ ಫೋಟೋಗಳೇ ನನ್ನವಕ್ಕಿಂತ ಚೆನ್ನಾಗಿರುತ್ತವೆ. ಕೋರ್ಸ್ ಸೇರಲೇ? ದೊಡ್ಡ ಲೆನ್ಸ್ ತಗೊಳ್ಳಲೇ? ಇಲ್ಲಾ, ಸಂಸಾರದ ನಡುವೆ ಇದು ಆಗದ ಮಾತೇ?

ಉತ್ತರ: ಖಂಡಿತ ಆಗುವ ಮಾತು. ಮನೆ ತುಂಬ ಜನ ಇರುವವರಿಗೆ ಫೋಟೋಗ್ರಫಿ ಬೇಗ ಹತ್ತುತ್ತದೆ. ಎಷ್ಟೋ ವರ್ಷಗಳಿಂದ ಭಾನುವಾರಗಳಲ್ಲಿ ಕ್ಯಾಮೆರಾ ಕಲಿಸುತ್ತಾ ಬಂದಿರುವ ನಾನು ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಯಾಕೆ ಅಂದರೆ ಮನೆಯಲ್ಲಿ ಒಂದೇ ಕೆಲಸ ದಿನಾ ನಡೆಯುತ್ತದೆ. ನಿಮ್ಮ ಅತ್ತೆಯವರು ಸಂಜೆ ಹೂ ಕಟ್ಟುತ್ತಾರೆ ಅಂದುಕೊಳ್ಳಿ. ಇವತ್ತು ಫೋಟೋ ಕೆಟ್ಟರೆ ನಾಳೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಬೆಳಕಲ್ಲಿ ಅವರು ಮತ್ತೆ ಕೂರುತ್ತಾರೆ, ನಾಡಿದ್ದೂ ಕೂರುತ್ತಾರೆ. ಬೇಲೂರಿನಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಎರಡು ಗಂಟೆ, ಬಿಸಿಲು ಹೇಗಿದೆಯೋ ಹಾಗೆ, ಜನ ಎಷ್ಟಿದ್ದಾರೋ ಅಷ್ಟು. ಸಂಗೀತದವರು ಮನೆಯಲ್ಲಿ ಸಾಧನೆ ಮಾಡಿ ಆಮೇಲೆ ಕಚೇರಿಗೆ ಕೂರುತ್ತಾರೆ. ನೀವು ಸಾಧನೆಯನ್ನೇ ಕಚೇರಿಯಲ್ಲಿ ಮಾಡಲು ಹೊರಟಿರಿ, ಅದಕ್ಕೇ ಮಗ ಅತ್ತಿದ್ದು, ಯಜಮಾನರು ಬೇಸರ ಮಾಡಿಕೊಂಡಿದ್ದು.

ಮೊದಲು ಮೊಬೈಲಿನ ವಿಷಯ ಮುಗಿಸೋಣ, ಅದು ನಿಮ್ಮ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿದೆ. ಮೊಬೈಲ್ ಒಂದು ಫೋಟೋ ತೆಗೆದಂತೆ ಕಂಡರೂ ಒಳಗೆ ಹಲವು ಫೋಟೋ ತೆಗೆದು ಸೇರಿಸುತ್ತದೆ. ಕತ್ತಲಿದ್ದ ಕಡೆ ಎತ್ತುತ್ತದೆ, ಬೆಳಕು ಹೆಚ್ಚಾದ ಕಡೆ ತಗ್ಗಿಸುತ್ತದೆ, ಬಣ್ಣ ಗಾಢ ಮಾಡುತ್ತದೆ. ಕ್ಯಾಮೆರಾ ಆ ಕೆಲಸವನ್ನು ಬಹುಪಾಲು ನಿಮಗೆ ಬಿಡುತ್ತದೆ. ಇನ್ನೊಂದು ವಿಷಯ, ನಿಮ್ಮ 18-55 ಲೆನ್ಸಿನ ಬಾಯಿ ಚಿಕ್ಕದು. 55ರ ತನಕ ಜೂಮ್ ಮಾಡಿದರೆ ಅದು ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಈ ಎಫ್ ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಸಂಜೆ ಮನೆಯೊಳಗೆ ಟ್ಯೂಬ್‌ಲೈಟಲ್ಲಿ ಆಟೋ ಮೋಡ್‌ಗೆ ಬಿಟ್ಟರೆ ಕ್ಯಾಮೆರಾ ಬೆಳಕು ಸಾಲದೆ ಶಟರನ್ನು ಸೆಕೆಂಡಿನ 30ನೇ ಒಂದು ಭಾಗದಷ್ಟು ಹೊತ್ತು ತೆರೆದಿಡಬಹುದು. ಅಷ್ಟರಲ್ಲಿ 3 ವರ್ಷದ ಹುಡುಗ ಎಲ್ಲಿಂದ ಎಲ್ಲಿಗೋ ಹೋಗಿರುತ್ತಾನೆ. ಮುಖ ಕಲಸಿಹೋಗುತ್ತದೆ. ಅದು ನಿಮ್ಮ ಕೈಯ ತಪ್ಪಲ್ಲ, ಕ್ಯಾಮೆರಾದ ತಪ್ಪೂ ಅಲ್ಲ. ಕ್ಯಾಮೆರಾಗೆ ನೀವು ಹೇಳಬೇಕಾದ ಒಂದು ಮಾತು ಹೇಳಿಲ್ಲ, ಅಷ್ಟೇ.

ಆ ಮಾತು ಹೇಳುವುದು ಹೀಗೆ. ಮೇಲಿನ ಚಕ್ರದಲ್ಲಿ ಎಸ್ ಅಂತಲೋ ಟಿವಿ ಅಂತಲೋ ಬರೆದಿರುವ ಮೋಡ್ ಇರುತ್ತದೆ. ಅದಕ್ಕೆ ತಿರುಗಿಸಿ ಶಟರನ್ನು 1/250ಕ್ಕೆ ಇಡಿ. ಐಎಸ್‌ಒ ಆಟೋದಲ್ಲಿರಲಿ, ಬೆಳಕು ಸಾಲದಾಗ ಫೋಟೋವನ್ನು ಬೆಳಗಿಸುವ ಅಂಕಿ ಅದು. ಅದರ ಮೇಲ್ಮಿತಿ 6400 ಅಂತ ಮೆನುವಿನಲ್ಲಿ ಒಮ್ಮೆ ಹೇಳಿಬಿಡಿ. ಫೋಕಸ್ಸನ್ನು ಎಎಫ್-ಸಿ ಗೆ ಹಾಕಿ, ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೆ ಸರ್ವೋ ಅನ್ನುತ್ತಾರೆ. ಓಡುವವರ ಹಿಂದೆ ಫೋಕಸ್ ಓಡಲಿ ಅಂತ. ಓಡಾಟ, ಕುಣಿತ ಜಾಸ್ತಿ ಇದ್ದರೆ 1/500. ಫೋಟೋ ಸ್ವಲ್ಪ ಕಾಳುಕಾಳಾಗಿ ಬರುತ್ತದೆ, ಬರಲಿ. ಕಾಳುಕಾಳಾದ ನಗುಮುಖವನ್ನು ಯಾರೂ ಬೇಡ ಅನ್ನುವುದಿಲ್ಲ, ಕಲಸಿಹೋದ ಮುಖವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನನ್ನ ಮಗಳು ಮೊದಲ ಸಲ ಸೈಕಲ್ ತುಳಿದ ದಿನ ನಾನು ಕ್ಯಾಮೆರಾ ಹಿಡಿದು ರಸ್ತೆಯಲ್ಲೇ ಇದ್ದೆ. ಫೋಕಸ್ ಒಂದೇ ಜಾಗಕ್ಕೆ ಕಟ್ಟಿಬಿದ್ದಿತ್ತು. ಹಿಂದಿನ ಕಾಂಪೌಂಡ್ ಗೋಡೆಯ ಇಟ್ಟಿಗೆ ಒಂದೊಂದೂ ಸ್ಪಷ್ಟವಾಗಿ ಬಂತು, ಮಗಳು ಮಸುಕು. ಆ ದಿನ ಮತ್ತೆ ಬರಲಿಲ್ಲ. ಅದಕ್ಕೇ ಇದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತಿದ್ದೇನೆ.

ಈಗ ಕಿಟಕಿಗೆ ಬನ್ನಿ. ಫೋಟೋಗ್ರಫಿಯಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಒಂದು ಕಿಟಕಿಯ ಪಕ್ಕದಲ್ಲೇ ಕಲಿತದ್ದು. ನೇರ ಬಿಸಿಲು ಬೀಳದ, ಆದರೆ ಬೆಳಕು ಧಾರಾಳವಾಗಿ ಬರುವ ಕಿಟಕಿಯೊಂದು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಹಳೆ ಹೆಂಚಿನ ಮನೆಯಾದರೆ ಬೆಳಕಿಂಡಿಯ ಗಾಜಿನ ಹೆಂಚು ಇರುತ್ತದೆ, ಅದು ಇನ್ನೂ ಚೆಂದ. ಸಂಜೆ 4 ಗಂಟೆಗೆ ಅತ್ತೆಯವರು ಹೂ ಕಟ್ಟಲು ಕೂರುವಾಗ ಆ ಕಿಟಕಿಯಿಂದ ಎರಡು ಮೊಳ ದೂರದಲ್ಲಿ ಕೂರಲು ಹೇಳಿ. ಕಿಟಕಿ ಅವರ ಎಡಕ್ಕೋ ಬಲಕ್ಕೋ ಇರಲಿ, ಹಿಂದೆ ಬೇಡ. ಆಮೇಲೆ ಮನೆಯ ಟ್ಯೂಬ್‌ಲೈಟ್ ಆರಿಸಿ. ಇದು ಎಲ್ಲರಿಗೂ ವಿಚಿತ್ರ ಅನಿಸುತ್ತದೆ, ಕತ್ತಲಾಯಿತಲ್ಲ ಅಂತಾರೆ. ಕಿಟಕಿಯ ಬೆಳಕಿಗೆ ಒಂದು ಬಣ್ಣ, ಟ್ಯೂಬ್‌ಲೈಟಿನ ಬೆಳಕಿಗೆ ಇನ್ನೊಂದು ಬಣ್ಣ. ಎರಡೂ ಸೇರಿದರೆ ಮುಖದ ಅರ್ಧ ಒಂದು ಥರ, ಅರ್ಧ ಇನ್ನೊಂದು ಥರ ಆಗಿ ಕಾಯಿಲೆ ಬಿದ್ದವರ ಹಾಗೆ ಕಾಣುತ್ತದೆ. ಒಂದೇ ದೀಪ ಸಾಕು, ಅದು ಕಿಟಕಿ.

ಸುಮ್ನೆ ನೋಡಿ ಸ್ವಲ್ಪ ಹೊತ್ತು. ಕನಕಾಂಬರದ ರಾಶಿ ಮೊರದಲ್ಲಿ. ಹೆಬ್ಬೆರಳಿಗೆ ಬಾಳೆನಾರು ಸುತ್ತಿಕೊಂಡಿರುತ್ತದೆ. ಎರಡು ಹೂ ಈ ಕಡೆ, ಎರಡು ಹೂ ಆ ಕಡೆ, ನಾರು ಒಂದು ಸುತ್ತು ಬಂದು ಕುಣಿಕೆಯೊಳಗೆ ನುಗ್ಗುವ ಆ ಒಂದು ಕ್ಷಣದಲ್ಲಿ ಬೆರಳುಗಳು ಅರಳಿದ ಹಾಗೆ ಬಿಚ್ಚಿಕೊಳ್ಳುತ್ತವೆ. ಕಿಟಕಿಯ ಕಡೆಗಿರುವ ಬೆರಳಿನ ಮೇಲೆ ಬೆಳಕು, ಈ ಕಡೆಗೆ ನೆರಳು, ಮಧ್ಯೆ ಚರ್ಮದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಹತ್ತು ಸಲ ಕುಣಿಕೆ ಬಿದ್ದರೆ ಹತ್ತು ಸಲವೂ ಆ ಕ್ಷಣ ಬರುತ್ತದೆ. ಬರುವುದು ಗೊತ್ತಿರುವುದರಿಂದ ನೀವು ಕಾಯಬಹುದು. ಕ್ಷಣವನ್ನು ಮೊದಲೇ ಊಹಿಸಿ ಬಟನ್ ಒತ್ತುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮುಂದೆ ನೀವು ಹಕ್ಕಿ ತೆಗೆದರೂ, ಮದುವೆಯಲ್ಲಿ ಧಾರೆ ತೆಗೆದರೂ ಬೇಕಾಗುವುದು ಇದೇ.

ಮೊದಲ ದಿನ ಮುಖ ತೆಗೆಯಿರಿ, ಎರಡನೇ ದಿನ ಬರೀ ಕೈ, ಮೂರನೇ ದಿನ ಕಿಟಕಿಯಿಂದ ಇನ್ನೂ ನಾಲ್ಕು ಅಡಿ ಒಳಗೆ ಕೂರಿಸಿ ತೆಗೆಯಿರಿ. ಕಿಟಕಿಯಿಂದ ದೂರ ಹೋದಂತೆ ಬೆಳಕು ಎಷ್ಟು ಬೇಗ ಇಳಿಯುತ್ತದೆ ಅನ್ನುವುದು ಆಗ ಕಣ್ಣಿಗೆ ಹೊಡೆದಂತೆ ತಿಳಿಯುತ್ತದೆ. ನಾಲ್ಕನೇ ದಿನ ಕಿಟಕಿಯನ್ನು ಅವರ ಹಿಂದಕ್ಕೆ ಬಿಟ್ಟು ನೋಡಿ. ಮುಖ ಕಪ್ಪಾಗುತ್ತದೆ. ಕ್ಯಾಮೆರಾದಲ್ಲಿ ಪ್ಲಸ್-ಮೈನಸ್ ಗುರುತಿನ ಬಟನ್ ಇದೆಯಲ್ವಾ, ಅದನ್ನು ಪ್ಲಸ್ 1, ಪ್ಲಸ್ 2 ಮಾಡುತ್ತಾ ಹೋಗಿ. ಮುಖ ಬೆಳಗುತ್ತದೆ, ಕಿಟಕಿ ಪೂರ್ತಿ ಬಿಳಿಯಾಗುತ್ತದೆ, ಬಿಳಿ ಕೂದಲಿನ ಅಂಚಿಗೆ ಬೆಳಕಿನ ಗೆರೆ ಬರುತ್ತದೆ. ಅದು ನಿಮಗೆ ಇಷ್ಟವಾದರೂ ಆಗಬಹುದು.

ಈ ಪ್ಲಸ್-ಮೈನಸ್ ಬಟನ್ ಬಗ್ಗೆ ಇನ್ನೊಂದು ಮಾತು. ಕ್ಯಾಮೆರಾ ತನ್ನ ಮುಂದೆ ಏನೇ ಇಟ್ಟರೂ ಅದು ಒಂದು ನಡುವಿನ ಬೂದು ಬಣ್ಣದಷ್ಟು ಬೆಳಗಿರಬೇಕು ಅಂತ ಲೆಕ್ಕ ಹಾಕುತ್ತದೆ. ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ. ಬಿಳಿ ತಟ್ಟೆಯಲ್ಲಿ ನಾಲ್ಕು ಇಡ್ಲಿ ಇಟ್ಟು ಚೌಕಟ್ಟು ತುಂಬ ತೆಗೆಯಿರಿ, ಇಡ್ಲಿ ಹಳೆಯ ಬಟ್ಟೆಯ ಹಾಗೆ ಮಾಸಲು ಬರುತ್ತದೆ. ಕಬ್ಬಿಣದ ಕಾವಲಿಯನ್ನು ಹಾಗೇ ತೆಗೆಯಿರಿ, ಕಪ್ಪು ಕಾವಲಿ ಬೂದಿ ಬಳಿದಂತೆ ಬರುತ್ತದೆ. ಇಡ್ಲಿಗೆ ಪ್ಲಸ್ 1, ಕಾವಲಿಗೆ ಮೈನಸ್ 1 ಕೊಟ್ಟು ಮತ್ತೆ ತೆಗೆಯಿರಿ. ಇಷ್ಟು ಗೊತ್ತಾದರೆ ಬೇಲೂರಿನ ಕಪ್ಪು ಬಳಪದ ಕಲ್ಲಿಗೆ ಏನು ಮಾಡಬೇಕು, ಸಕಲೇಶಪುರದ ಬಿಳಿ ಮಂಜಿಗೆ ಏನು ಮಾಡಬೇಕು ಅನ್ನುವುದನ್ನು ಅಲ್ಲಿ ನಿಂತು ಯೋಚಿಸಬೇಕಾಗಿಲ್ಲ. ಕಲ್ಲು ಅಂದರೆ ಕಾವಲಿ, ಮಂಜು ಅಂದರೆ ಇಡ್ಲಿ.

ಅಡುಗೆಮನೆ ಬಿಡುವ ಮುಂಚೆ ಇನ್ನೊಂದು. ಅಕ್ಕಿರೊಟ್ಟಿ ಬೇಯುವಾಗ ಏಳುವ ಹಬೆ ಫೋಟೋದಲ್ಲಿ ಕಾಣುವುದೇ ಇಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ಬೆಳಕು ನಿಮ್ಮ ಬೆನ್ನಿನ ಕಡೆಯಿಂದ ಬಂದರೆ ಕಾಣುವುದಿಲ್ಲ. ಬೆಳಕು ಹಬೆಯ ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು, ಅದರ ಹಿಂದೆ ಕತ್ತಲಿನ ಗೋಡೆ ಇರಬೇಕು. ಒಲೆಯ ಪಕ್ಕ ಎರಡು ಹೆಜ್ಜೆ ಆಚೀಚೆ ಸರಿದರೆ ಸಿಕ್ಕಿಬಿಡುತ್ತದೆ.

ಮಕ್ಕಳ ಫೋಟೋಗೆ ಬರುತ್ತೇನೆ. ಕೂತು ತೆಗೆಯಿರಿ, ಬೇಕಾದರೆ ನೆಲದ ಮೇಲೆ ಮಲಗಿ. ನಿಂತು ಕೆಳಗೆ ನೋಡುತ್ತಾ ತೆಗೆದರೆ ದೊಡ್ಡ ತಲೆ, ಗಿಡ್ಡ ಕಾಲು, ಹಿಂದೆ ಬರೀ ನೆಲ. ಅವನ ಕಣ್ಣಿನ ಎತ್ತರಕ್ಕೆ ಇಳಿದರೆ ಅವನ ಲೋಕ ಕಾಣುತ್ತದೆ. ಮಂಚದ ಅಡಿ, ಮೇಜಿನ ಕಾಲು, ಅಜ್ಜಿಯ ಸೀರೆಯ ನೆರಿಗೆ. ‘ಇಲ್ಲಿ ನೋಡು ಪುಟ್ಟ, ನಗು’ ಅನ್ನುವುದನ್ನು ಒಂದು ತಿಂಗಳು ಪೂರ್ತಿ ಬಿಟ್ಟುಬಿಡಿ. ಹೇಳಿಸಿಕೊಂಡು ನಕ್ಕ ನಗು ಎಲ್ಲ ಮಕ್ಕಳಲ್ಲೂ ಒಂದೇ ಥರ ಇರುತ್ತದೆ. ಶೂ ಲೇಸ್ ಕಟ್ಟಲು ಹೆಣಗುವಾಗ ನಾಲಿಗೆ ತುದಿ ಹೊರಗೆ ಬಂದಿರುತ್ತದಲ್ಲ, ಅದು ನಿಮ್ಮ ಮಗಳದು ಮಾತ್ರ. ಇನ್ನು, ಮುಖ ತೆಗೆಯುವಾಗ ಲೆನ್ಸನ್ನು 18ಕ್ಕೆ ಇಟ್ಟು ಹತ್ತಿರ ನುಗ್ಗಬೇಡಿ, ಮೂಗು ಊದಿಕೊಳ್ಳುತ್ತದೆ. 50ರ ಹತ್ತಿರ ಇಟ್ಟು ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಮೊಬೈಲಲ್ಲಾದರೂ ಅಷ್ಟೇ, 2 ಪಟ್ಟು ಜೂಮ್ ಹಾಕಿ ಹಿಂದೆ ಸರಿಯಿರಿ.

ನಿಮ್ಮ ಪಕ್ಕದ ಜಿಲ್ಲೆಯವರೇ ಆದ ಟಿ. ಎಸ್. ಸತ್ಯನ್ ಅವರ ಫೋಟೋಗಳನ್ನು ಹುಡುಕಿ ನೋಡಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು. 1977ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು. ಅವರಿಗೆ ಹೆಸರು ತಂದದ್ದು ಸಾಮಾನ್ಯ ಜನರ ದಿನನಿತ್ಯದ ಬದುಕಿನ ಫೋಟೋಗಳು. ನನಗೆ ಅವುಗಳಲ್ಲಿ ಹಿಡಿಸುವುದು ಏನೆಂದರೆ, ಅಲ್ಲಿರುವ ಜನ ಕ್ಯಾಮೆರಾಗೆ ಹೆದರಿದಂತೆ ಕಾಣುವುದಿಲ್ಲ. ಆ ಸಲಿಗೆ ಹೊರಗಿನವರ ಹತ್ತಿರ ಸಂಪಾದಿಸಲು ತುಂಬ ಕಾಲ ಬೇಕು. ನಿಮ್ಮ ಮನೆಯಲ್ಲಿ ನಿಮಗೆ ಅದು ಈಗಾಗಲೇ ಇದೆ.

ಇಷ್ಟು ಒಂದೂವರೆ ತಿಂಗಳು ನಡೆಯಲಿ. ಆಮೇಲೆ ಹೊರಗೆ ಹೊರಡಿ. ಹಾಸನದಲ್ಲಿ ಕೂತು ಎಲ್ಲಿಗೆ ಹೋಗಲಿ ಅಂತ ಯಾರೂ ಕೇಳುವ ಹಾಗಿಲ್ಲ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಶೆಟ್ಟಿಹಳ್ಳಿ, ಮಂಜರಾಬಾದ್ ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವಷ್ಟು ದೂರ. ಆದರೆ ಒಂದು ಒಪ್ಪಂದ ಮಾಡಿಕೊಂಡು ಹೊರಡಿ. ಹೋಗುತ್ತಿರುವುದು ಮನೆಯವರ ಪ್ರವಾಸಕ್ಕೆ. ಅದರಲ್ಲಿ 20 ನಿಮಿಷ ಅಮ್ಮನ ಸಮಯ. ಆ 20 ನಿಮಿಷ ಮಕ್ಕಳು ಅಪ್ಪನ ಜೊತೆ, ಪುಳಿಯೋಗರೆ ಡಬ್ಬಿಯೂ ಅಪ್ಪನ ಕೈಯಲ್ಲಿ. ಉಳಿದ ಹೊತ್ತು ಕ್ಯಾಮೆರಾ ಕುತ್ತಿಗೆಯಲ್ಲಿರಲಿ, ಕಂಡದ್ದನ್ನು ನಡೆಯುತ್ತಲೇ ತೆಗೆಯಿರಿ, ಯಾರನ್ನೂ ನಿಲ್ಲಿಸಬೇಡಿ. ಒಂದು ಪ್ರವಾಸಕ್ಕೆ ಒಂದೇ ಪಾಠ. ಲೆಕ್ಕವೂ ಇರಲಿ. ಹಿಂದೆ ರೀಲಿನಲ್ಲಿ 36 ಫೋಟೋ ಇರುತ್ತಿದ್ದವು, ನೀವೂ 36ಕ್ಕೆ ನಿಲ್ಲಿಸಿ. 400 ಫೋಟೋ ತೆಗೆದರೆ ರಾತ್ರಿ ಕೂತು ನೋಡಲು ಮನಸ್ಸಾಗುವುದಿಲ್ಲ. ನೋಡದಿದ್ದರೆ ಎಲ್ಲಿ ತಪ್ಪಿದೆ ಅಂತ ತಿಳಿಯುವುದಿಲ್ಲ.

ಹಳೇಬೀಡಿನ ಪಾಠ ಪಕ್ಕದ ಬೆಳಕು. ಅದಕ್ಕೆ ಹೋಗುವ ಹಿಂದಿನ ರಾತ್ರಿ ಒಂದು ಕೆಲಸ ಮಾಡಿ. ತಟ್ಟೆಯಲ್ಲಿ ಒಂದು ಚಕ್ಕುಲಿ ಇಡಿ, ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ನೇರ ಮೇಲಿನಿಂದ ಬಿಡಿ. ಚಕ್ಕುಲಿ ಚಪ್ಪಟೆಯಾಗಿ ಕಾಣುತ್ತದೆ. ಟಾರ್ಚನ್ನು ನಿಧಾನಕ್ಕೆ ಇಳಿಸುತ್ತಾ ತಟ್ಟೆಯ ಅಂಚಿಗೆ ತನ್ನಿ. ಒಂದೊಂದು ಮುಳ್ಳೂ ಎದ್ದು ನಿಲ್ಲುತ್ತದೆ, ಪ್ರತಿಯೊಂದಕ್ಕೂ ಉದ್ದ ನೆರಳು. ಮಕ್ಕಳಿಗೆ ತೋರಿಸಿ, ಕುಣಿಯುತ್ತಾರೆ. ಶಿಲ್ಪದ ಗೋಡೆಯೂ ಹೀಗೆಯೇ. ಹೊಯ್ಸಳೇಶ್ವರ ದೇವಾಲಯದ ಮುಖ ಪೂರ್ವಕ್ಕೆ. ನೋಡಲೇಬೇಕಾದ ದೊಡ್ಡ ಶಿಲ್ಪಗಳ ಸಾಲು ಹಿಂಭಾಗದ, ಅಂದರೆ ಪಶ್ಚಿಮದ ಗೋಡೆಯಲ್ಲಿದೆ. ಬೆಳಿಗ್ಗೆ ಅಲ್ಲಿ ಬರೀ ನೆರಳು, ಮಧ್ಯಾಹ್ನ ದಾಟಿದ ಮೇಲೆ ಬಿಸಿಲು ಆ ಗೋಡೆಯನ್ನು ಸವರಲು ಶುರು ಮಾಡುತ್ತದೆ. ಆ ಮೊದಲ ಅರ್ಧ ಗಂಟೆ ಚಕ್ಕುಲಿಯ ಟಾರ್ಚ್ ಇದ್ದ ಹಾಗೆ. ಆಭರಣದ ಒಂದೊಂದು ಮಣಿಯೂ ಬೇರೆ ಬೇರೆ ಕಾಣುತ್ತದೆ. ಅದಕ್ಕೆ ಹಳೇಬೀಡನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ, ಬೇಲೂರನ್ನು ಬೆಳಿಗ್ಗೆ ಮುಗಿಸಿ. ಕೆಳಗಿನ ಸಾಲಿನ ಆನೆಗಳು ಸಣ್ಣ ಮಕ್ಕಳು ಬಗ್ಗಿ ನೋಡುವಷ್ಟು ಕೆಳಗಿವೆ. ಮಗ ಆನೆ ಎಣಿಸುತ್ತಾ ಗೋಡೆಯ ಪಕ್ಕ ನಡೆದುಹೋಗಲಿ, ಮುಟ್ಟಬಾರದು ಅಂತ ಮೊದಲೇ ಹೇಳಿ. ಆ ಒಂದು ಫೋಟೋ ಬಂದರೆ ಆ ದಿನಕ್ಕೆ ಸಾಕು.

ಬೇಲೂರಿನಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಮನೆಯವರನ್ನು ಗೋಪುರದ ಬುಡದಲ್ಲಿ ಸಾಲಾಗಿ ನಿಲ್ಲಿಸಿ, ಇಡೀ ಗೋಪುರ ಬರಲಿ ಅಂತ ತಾವು ಹಿಂದೆ ಹಿಂದೆ ಹೋಗುತ್ತಾರೆ. ಕೊನೆಗೆ ಮನೆಯವರು ಇರುವೆ ಸಾಲು. ಗೋಪುರ ಎಲ್ಲಿಗೂ ಹೋಗುವುದಿಲ್ಲ, ದೂರದಲ್ಲೇ ಇರಲಿ. ಮನೆಯವರನ್ನು ನಿಮ್ಮ ಹತ್ತಿರಕ್ಕೆ, ಎಂಟು-ಹತ್ತು ಅಡಿಗೆ ಕರೆದುಕೊಳ್ಳಿ. ಮುಖವೂ ದೊಡ್ಡದಾಗಿ ಬರುತ್ತದೆ, ಗೋಪುರವೂ ಪೂರ್ತಿ ಬರುತ್ತದೆ. ಮಧ್ಯಾಹ್ನ 12ರ ಬಿಸಿಲಲ್ಲಿ ಅಂಗಳದಲ್ಲಿ ನಿಲ್ಲಿಸಿದರೆ ಕಣ್ಣಿನ ಗುಳಿಗೆ ನೆರಳು ಬೀಳುತ್ತದೆ, ಮಕ್ಕಳು ಕಣ್ಣು ಕಿವುಚುತ್ತಾರೆ, ಕಾಲು ಸುಡುತ್ತದೆ. ಆಗ ಮಂಟಪದ ನೆರಳಿಗೆ ಹೋಗಿ. ತುಂಬ ಒಳಗೆ ಬೇಡ, ಬಿಸಿಲು ಮುಗಿದು ನೆರಳು ಶುರುವಾಗುವ ಗೆರೆ ಇರುತ್ತದಲ್ಲ, ಅದರಿಂದ ಒಂದು ಹೆಜ್ಜೆ ಒಳಗೆ, ಮುಖ ಹೊರಕ್ಕೆ ಮಾಡಿ ಕೂರಿಸಿ. ಅಂಗಳದ ಬೆಳಕು ಮುಖಕ್ಕೆ ಮೆತ್ತಗೆ ಬೀಳುತ್ತದೆ, ಹಿಂದೆ ಕತ್ತಲು. ನಿಮ್ಮ ಮನೆಯ ಕಿಟಕಿಯೇ ಅಲ್ಲಿ ದೊಡ್ಡದಾಗಿ ಸಿಕ್ಕ ಹಾಗೆ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಕಟ್ಟಿದ ಗುಡಿ ಅದು. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ನಿಮಗೆ ಅದು ಬೇಡವೂ ಬೇಡ. ಒಳಗಿನ ನವರಂಗದ ಕತ್ತಲಲ್ಲಿ ಕಂಬಕ್ಕೆ ಹೆಗಲು ಕೊಟ್ಟು, ಉಸಿರು ಬಿಗಿಹಿಡಿದು ತೆಗೆದರೆ ಸಾಕು. ಫ್ಲಾಶ್ ಮಾತ್ರ ಬೇಡ.

ಶ್ರವಣಬೆಳಗೊಳದಲ್ಲಿ ನಿಮಗೆ ಫೋಟೋ ಯಾಕೆ ಬರಲಿಲ್ಲ ಅಂತ ನಾನು ಊಹಿಸಬಲ್ಲೆ. ಗೊಮ್ಮಟ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಓರೆಯಾಗಿ ಹೋಗುತ್ತಾನೆ, ಅಂದರೆ ಮೂರ್ತಿಯ ಬೆನ್ನ ಹಿಂದೆ. ಮುಖ ಹೆಚ್ಚು ಹೊತ್ತು ನೆರಳಲ್ಲೇ ಇರುತ್ತದೆ, ಹಿಂದಿನ ಆಕಾಶ ಕಣ್ಣು ಕುಕ್ಕುವಷ್ಟು ಬಿಳಿ. ಮಾರ್ಚ್ ಕೊನೆ ದಾಟಿದ ಮೇಲೆ ಸೂರ್ಯ ಹುಟ್ಟುವ ಜಾಗವೇ ಪೂರ್ವದಿಂದ ಉತ್ತರದ ಕಡೆಗೆ ಸರಿಯುತ್ತದೆ. ಏಪ್ರಿಲ್, ಮೇ ತಿಂಗಳ ಬೆಳಗಿನ ಬಿಸಿಲು ಮುಖಕ್ಕೆ ಪಕ್ಕದಿಂದ ಬೀಳುತ್ತದೆ. ಆಗ ಬೆಳಿಗ್ಗೆಯೇ ಹತ್ತಿಬಿಡಿ, ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಹೊತ್ತು ಏರಿದರೆ ಬಂಡೆ ಕಾಯುತ್ತದೆ. ಯಾವ ಊರಿಗೇ ಹೋಗಲಿ, ಅಲ್ಲಿನ ಗುಡಿ, ಕೋಟೆ, ಕೆರೆ ಯಾವ ದಿಕ್ಕಿಗಿದೆ ಅಂತ ಮನೆಯಲ್ಲೇ ಮ್ಯಾಪ್ ತೆರೆದು ನೋಡಿ, ಮುಹೂರ್ತ ಇಟ್ಟ ಹಾಗೆ ಸಮಯ ಗೊತ್ತು ಮಾಡಿಕೊಳ್ಳಿ. ಅತ್ತೆಯವರಿಗೆ ಹತ್ತಲು ಆಗದಿದ್ದರೆ ಅವರ ಫೋಟೋ ಕೆಳಗೇ ಇದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಬೆಟ್ಟ ನೋಡುತ್ತಿರುವ ಅಜ್ಜಿ, ಅವರ ಹೆಗಲ ಮೇಲಿನಿಂದ ಕಾಣುವ ಬೆಟ್ಟ. ನನಗಾದರೆ ಗೊಮ್ಮಟನ ಫೋಟೋಗಿಂತ ಅದೇ ಬೇಕು.

ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ ಎರಡು ಸಲ ಹೋಗಿ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ನೀರು ಸುತ್ತುವರಿದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನಡೆದೇ ಹೋಗಬಹುದು. ಒಂದೇ ಜಾಗದಲ್ಲಿ ನಿಂತು ಎರಡು ಕಾಲದಲ್ಲಿ ತೆಗೆಯಿರಿ. ಗೋಡೆಗಳು ತುಂಬ ಶಿಥಿಲ, ಮಕ್ಕಳನ್ನು ಕಮಾನಿನ ಕೆಳಗೆ ನಿಲ್ಲಿಸಬೇಡಿ, ನೀರಿನ ಅಂಚಿಗೂ ಬಿಡಬೇಡಿ. ಮಂಜರಾಬಾದ್ ಕೋಟೆ ಟಿಪ್ಪು ಕಾಲದ್ದು, ನಕ್ಷತ್ರದ ಆಕಾರದ್ದು. ಆ ಆಕಾರ ಮೇಲಿನಿಂದ ಮಾತ್ರ ಕಾಣುತ್ತದೆ, ಕೆಳಗೆ ನಿಂತು ಅದನ್ನು ಹಿಡಿಯಲು ಹೋಗಬೇಡಿ. ಅಲ್ಲಿ ಕತ್ತಲಿನ ಬಾಗಿಲೊಳಗೆ ನಿಂತು, ಹೊರಗಿನ ಮಂಜಿಗೆ ಎದುರಾಗಿ ಓಡುವ ಮಗಳ ಬರೀ ಆಕಾರ ತೆಗೆಯಿರಿ.

ಮಳೆಗಾಲದ ಮಾತು ಬಂತಲ್ಲ, ಒಂದು ಎಚ್ಚರಿಕೆ. ನಿಮ್ಮ ಸೀಮೆಯ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಒಂದು ಆಷಾಢದಲ್ಲಿ ನಾನು ಒಳ್ಳೆಯ ಲೆನ್ಸೊಂದನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟು ಮರೆತೆ. ದೀಪಾವಳಿಗೆ ತೆಗೆದು ನೋಡಿದರೆ ಗಾಜಿನ ಒಳಗೆ ಜೇಡರಬಲೆಯಂಥ ಎಳೆಗಳು. ರಿಪೇರಿಗೆ ಕೊಟ್ಟೆ, ಎಳೆ ಹೋಯಿತು, ಗಾಜಿನ ಮೇಲಿನ ಲೇಪವೂ ಹೋಯಿತು. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ತಗೊಂಡು ಅದರಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಅದು ಬಣ್ಣ ಬದಲಾಯಿಸಿದರೆ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಅಕ್ಕಿಯ ಧೂಳು ಒಳಗೆ ಸೇರುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸಿದರೆ ಅದೇ ದೊಡ್ಡ ಔಷಧಿ.

ದೊಡ್ಡ ಲೆನ್ಸ್ ಬೇಡ, ಈಗ ಬೇಡ. ನೀವು ದೊಡ್ಡದು ಅಂದದ್ದು ಹಕ್ಕಿ ತೆಗೆಯುವ ಉದ್ದದ ಲೆನ್ಸ್ ಅಂದುಕೊಂಡಿದ್ದೇನೆ. ಮಕ್ಕಳು ಹಕ್ಕಿಯಷ್ಟು ದೂರ ಇರುವುದಿಲ್ಲ. ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ ಆರು ತಿಂಗಳ ನಂತರ ನಿಮ್ಮ ಕ್ಯಾಮೆರಾಗೆ ಹೊಂದುವ 35 ಅಥವಾ 50 ಎಂಎಂನ ಎಫ್ 1.8 ಲೆನ್ಸ್ ತಗೊಳ್ಳಿ. ಎಫ್ 5.6ಕ್ಕೆ ಹೋಲಿಸಿದರೆ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಆರತಿಯ ಬೆಳಕಲ್ಲಿ, ಕರೆಂಟ್ ಹೋದ ರಾತ್ರಿ ಮೇಣದಬತ್ತಿಯ ಬೆಳಕಲ್ಲಿ ಮುಖ ತೆಗೆಯಬಹುದು. ಎರಡರಲ್ಲಿ ಯಾವುದು ಅಂತ ತೀರ್ಮಾನಿಸಲು ಒಂದು ವಾರ 18-55ನ್ನು 35ಕ್ಕೆ ಇಟ್ಟು ಜೂಮ್ ತಿರುಗದ ಹಾಗೆ ಟೇಪ್ ಅಂಟಿಸಿ, ಇನ್ನೊಂದು ವಾರ 50ಕ್ಕೆ ಅಂಟಿಸಿ. ಮನೆಯೊಳಗೆ ಹಿಂದೆ ಸರಿಯಲು ಜಾಗ ಇಲ್ಲದೆ ಗೋಡೆಗೆ ಬೆನ್ನು ತಾಗುತ್ತಿದ್ದರೆ ನಿಮಗೆ 35 ಬೇಕು.

ಕೋರ್ಸೂ ಈಗ ಬೇಡ. ನಾನೇ ಕಲಿಸುವವನಾಗಿ ಹೇಳುತ್ತಿದ್ದೇನೆ. ಕೈಯಲ್ಲಿ ನಿಮ್ಮದೇ 100 ಫೋಟೋ, ಮನಸ್ಸಿನಲ್ಲಿ ನಿಮ್ಮದೇ ನಾಲ್ಕು ಪ್ರಶ್ನೆ ಇಟ್ಟುಕೊಂಡು ಬರುವವರಿಗೆ ಎರಡು ದಿನದ ತರಗತಿಯೂ ಉಪಯೋಗ, ಬರಿಗೈಲಿ ಬಂದವರಿಗೆ ಎರಡು ತಿಂಗಳಾದರೂ ಟಿಪ್ಪಣಿಯಷ್ಟೇ ಉಳಿಯುತ್ತದೆ.

ತೆಗೆದ ಮೇಲೆ ಏನು ಮಾಡುತ್ತೀರಿ ಅನ್ನುವುದೂ ಕಲಿಕೆಯೇ. ಪ್ರವಾಸದಿಂದ ಬಂದ ಮೇಲೆ ಊಟ ಆಗಿ ಎಲ್ಲರೂ ಕೂತಿರುವಾಗ 36ನ್ನೂ ಟಿವಿಯಲ್ಲಿ ಹಾಕಿ. ಯಾವುದು ಚೆನ್ನಾಗಿದೆ ಅಂತ ನೀವು ಮೊದಲು ಹೇಳಬೇಡಿ. ಅತ್ತೆಯವರು ಯಾವುದರ ಮುಂದೆ ಸುಮ್ಮನಾದರು, ಮಗಳು ಯಾವುದನ್ನು ಇನ್ನೊಮ್ಮೆ ತೋರಿಸು ಅಂದಳು, ಗುರುತು ಹಾಕಿಕೊಳ್ಳಿ. ತಿಂಗಳಿಗೆ 10 ಫೋಟೋ ಆರಿಸಿ 4ಕ್ಕೆ 6ರ ಸೈಜಲ್ಲಿ ಪ್ರಿಂಟ್ ಹಾಕಿಸಿ ಆಲ್ಬಮ್ಮಿಗೆ ಸೇರಿಸಿ, ಹಿಂದೆ ಪೆನ್ಸಿಲಲ್ಲಿ ತಾರೀಕು, ಊರು, ಜೊತೆಗಿದ್ದವರ ಹೆಸರು ಬರೆಯಿರಿ. ಎಲ್ಲ ಫೋಟೋಗಳ ಎರಡು ನಕಲು ಮನೆಯಲ್ಲಿ ಬೇರೆ ಬೇರೆ ಕಡೆ, ಒಂದು ನಕಲು ಮನೆಯಿಂದ ಹೊರಗೆ, ತವರಿನಲ್ಲೋ ಕ್ಲೌಡಿನಲ್ಲೋ ಇರಲಿ. ಕಾರ್ಡ್ ಖಾಲಿ ಮಾಡುವುದು ಆಮೇಲೆ. ಮಕ್ಕಳ ಫೋಟೋ ಎಲ್ಲರಿಗೂ ಕಾಣುವ ಹಾಗೆ ಹಾಕುವಾಗ ಶಾಲೆಯ ಸಮವಸ್ತ್ರ, ಮನೆಯ ಗುರುತು ಕಾಣದ ಹಾಗೆ ನೋಡಿಕೊಳ್ಳಿ. ಸ್ನಾನದ ಫೋಟೋಗಳು ಆಲ್ಬಮ್ಮಿನಲ್ಲೇ ಇರಲಿ. ಬೇರೆಯವರ ಮಕ್ಕಳನ್ನು ತೆಗೆಯುವ ಮುಂಚೆ ಅವರ ಅಪ್ಪ ಅಮ್ಮನನ್ನು ಕೇಳಿ. ನೀವು ಟೀಚರ್, ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಕೊನೆಯದಾಗಿ, ನೀವು ಕೇಳದ ಒಂದು ವಿಷಯ. ನನ್ನ ತಾಯಿಯ ಫೋಟೋಗಳು ನನ್ನ ಹತ್ತಿರ ಬೇಕಾದಷ್ಟಿವೆ, ಎಲ್ಲ ನಾನೇ ತೆಗೆದದ್ದು. ಅವರ ಜೊತೆ ನಾನಿರುವ ಫೋಟೋ ಹುಡುಕಿದರೆ ಮೂರು ಸಿಗುತ್ತವೆ, ಒಂದರಲ್ಲಿ ನನ್ನ ಮುಖವೇ ಇಲ್ಲ. ಮನೆಯಲ್ಲಿ ಕ್ಯಾಮೆರಾ ಹಿಡಿದವರಿಗೆಲ್ಲ ಹೀಗಾಗುತ್ತದೆ. ನಿಮ್ಮ ಮಗಳಿಗೆ 7 ವರ್ಷ, ಕ್ಯಾಮೆರಾ ಹಿಡಿಯಲು ಅಷ್ಟು ಸಾಕು. ಪಟ್ಟಿ ಕುತ್ತಿಗೆಗೆ ಹಾಕಿ, ಎಡಗೈ ಲೆನ್ಸಿನ ಕೆಳಗೆ ಇಡುವುದು ತೋರಿಸಿ, ಮೋಡ್ ನೀವೇ ಹೊಂದಿಸಿಕೊಟ್ಟು ಅವಳ ಕೈಗೆ ಬಿಟ್ಟುಬಿಡಿ. ಪ್ರತಿ ಪ್ರವಾಸದ 36ರಲ್ಲಿ 6 ಅವಳವು. ಅವಳ ಎತ್ತರದಿಂದ ನೀವು ಹೇಗೆ ಕಾಣುತ್ತೀರಿ, ಅವಳು ನಿಮ್ಮನ್ನು ಯಾವಾಗ ತೆಗೆಯುತ್ತಾಳೆ, ನೀವು ಬುತ್ತಿ ಬಿಚ್ಚುವಾಗಲೋ, ತಮ್ಮನ ಮೂಗು ಒರೆಸುವಾಗಲೋ, ನಿಮಗೇ ಗೊತ್ತಿರುವುದಿಲ್ಲ. ಎರಡು ತಿಂಗಳ ನಂತರ ನಿಮ್ಮ 10 ಫೋಟೋ ಕಳಿಸಿ, ಒಂದೊಂದನ್ನೂ ನೋಡಿ ಬರೆಯುತ್ತೇನೆ. ಅದರಲ್ಲಿ ಅತ್ತೆಯವರ ಕೈ ಒಂದು, ಮಗಳು ತೆಗೆದ ನಿಮ್ಮ ಫೋಟೋ ಒಂದು ಇರಲಿ.